66–0 ಆಯ್ತು, ವಾಲ್ಟರ್ಸ್ ಹೋದ. ಪರ್ಡ್ಯೂಗೆ ಇನ್ನು ಯಾರು ಬರಬೇಕು?

ಚೌನ್ಸಿ_ಕಾಫಿ · 1 ಡಿಸೆಂಬರ್ 2024, ಭಾನುವಾರ

ನಮಸ್ಕಾರ ಬಾಯ್ಲರ್ ಬಂಧುಗಳೇ, ಅಂದರೆ ಪರ್ಡ್ಯೂ ವಿಶ್ವವಿದ್ಯಾಲಯದ ಅಭಿಮಾನಿಗಳೇ. ನಿನ್ನೆ ಬ್ಲೂಮಿಂಗ್ಟನ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಇಂಡಿಯಾನಾ ಕಾಲೇಜಿನ ಕೈಲಿ 66–0 ತಿಂದೆವು, ಇವತ್ತು ನಮ್ಮ ಹೆಡ್ ಕೋಚ್ ರಯಾನ್ ವಾಲ್ಟರ್ಸ್‌ನ ಮನೆಗೆ ಕಳಿಸಿದ್ದಾರೆ. ಎರಡು ಸೀಸನ್, 24 ಪಂದ್ಯ, 5 ಗೆಲುವು. ಈ ವರ್ಷ ಗೆದ್ದದ್ದು ಮೊದಲ ಪಂದ್ಯ ಒಂದೇ, ಇಂಡಿಯಾನಾ ಸ್ಟೇಟ್ ಮೇಲೆ 49–0. ಆಮೇಲೆ ಸಾಲಾಗಿ 11 ಸೋಲು.

ನಾನು ಮೂರನೇ ಕ್ವಾರ್ಟರ್‌ನಲ್ಲಿ ಎದ್ದು ಹೋಗಿ ದೋಸೆಗೆ ರುಬ್ಬೋಕೆ ಹಾಕಿದೆ. ಗ್ರೈಂಡರ್ ತೊಳೆದಿಟ್ಟು ಬಂದು ನೋಡಿದರೆ ಅವರು ಇನ್ನೂ ಹೊಡೀತಾನೇ ಇದ್ದಾರೆ. ಹೆಂಡತಿ ಕೇಳಿದಳು, "ಇದು ರಿಪ್ಲೇನಾ?"

ಈಗ ಅಥ್ಲೆಟಿಕ್ ಡೈರೆಕ್ಟರ್ ಮೈಕ್ ಬೊಬಿನ್ಸ್ಕಿಗೆ ಇದು ಮೂರನೇ ಆಯ್ಕೆ. ಮೊದಲನೆಯದು ಜೆಫ್ ಬ್ರಾಮ್, ಬಂಗಾರ. ಎರಡನೆಯದು ಏನಾಯ್ತು ಅಂತ ನೋಡಿದಿರಿ. ನಿಮ್ಮ ಪ್ರಕಾರ ಯಾರು ಬರಬೇಕು, ಯಾಕೆ ಬರಬೇಕು? ಬರೀ ಹೆಸರು ಎಸೆದು ಓಡಿ ಹೋಗಬೇಡಿ, ಕಾರಣ ಬರೀರಿ.

ಹುಬ್ಬಳ್ಳಿ_ಬಾಯ್ಲರ್ · 1 ಡಿಸೆಂಬರ್

ಬ್ರಾಮ್‌ನ್ನ ವಾಪಸ್ ಕರ್ಕೊಂಡ ಬರ್ರಿ. ಮುಗೀತ.

ಮಂಗಳೂರು_ಟೈಟ್‌ಎಂಡ್ · 1 ಡಿಸೆಂಬರ್

@ಹುಬ್ಬಳ್ಳಿ_ಬಾಯ್ಲರ್ ಹಳೇ ಗಂಡನ ಪಾದವೇ ಗತಿ ಅಂತೀರಾ ಮಾರಾಯ್ರೇ? ಅವನು ಈಗ ಕೋಚ್ ಆಗಿರುವ ಲೂಯಿವಿಲ್ ಅವನ ಹುಟ್ಟೂರು, ಅವನು ಆಡಿದ ಕಾಲೇಜು. ಅಲ್ಲಿಂದ ಎದ್ದು ಬರುವುದಿಲ್ಲ. ಆ ಆಸೆ ಬಿಡಿ.

ನನ್ನ ಓಟು ಟೊಲೀಡೊ ತಂಡದ ಕೋಚ್ ಜೇಸನ್ ಕ್ಯಾಂಡಲ್‌ಗೆ. 2017, 2022 ಎರಡು ಸಲ ಅವರ ಕೂಟವಾದ ಮ್ಯಾಕ್‌ನ ಚಾಂಪಿಯನ್. ಒಂದೇ ಊರಲ್ಲಿ ಇಷ್ಟು ವರ್ಷ ಕೂತು, ಪ್ರತಿ ವರ್ಷ ಒಳ್ಳೆಯ ಹುಡುಗರನ್ನು ದೊಡ್ಡ ಕಾಲೇಜುಗಳಿಗೆ ಕಳಕೊಂಡೂ ತಂಡ ನಿಲ್ಲಿಸಿದ್ದಾನೆ. ನಮಗೆ ಬೇಕಾದ್ದು ಅದೇ ಅಲ್ವಾ?

ಜಯನಗರದಮ್ಮ · 2 ಡಿಸೆಂಬರ್

ನಾನು ಹೊಸಬಳು, ಬೇಜಾರು ಮಾಡ್ಕೋಬೇಡಿ. ನನ್ನ ಮಗ ಅಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ. ಸಿ.ಎನ್.ಆರ್. ರಾವ್ ಅವರು ಪಿಎಚ್‌ಡಿ ಮಾಡಿದ ಜಾಗ ಅಂತ ಹೆಮ್ಮೆಯಿಂದ ಕಳಿಸಿದ್ದು. ಅವನು ಫೋನ್ ಮಾಡಿದರೆ ಓದಿನ ಸುದ್ದಿ ಎರಡು ನಿಮಿಷ, ಈ ವಾಲ್ಟರ್ಸ್ ಸುದ್ದಿ ಅರ್ಧ ಗಂಟೆ. ಕೆಲಸದಿಂದ ತೆಗೆದಿದ್ದಕ್ಕೆ ಅವರಿಗೇ 90 ಲಕ್ಷ ಡಾಲರ್‌ಗೂ ಜಾಸ್ತಿ ಕೊಡಬೇಕಂತೆ? ಸೋತವರಿಗೆ ಯಾಕಪ್ಪಾ ದುಡ್ಡು? ನಮ್ಮ ಫೀಸಿಂದಾನಾ?

ಚೌನ್ಸಿ_ಕಾಫಿ · 2 ಡಿಸೆಂಬರ್

ಅಮ್ಮಾ, ಬನ್ನಿ ಬನ್ನಿ. ಫೀಸಿನ ಚಿಂತೆ ಬೇಡ. ಪರ್ಡ್ಯೂ ಕ್ರೀಡಾ ವಿಭಾಗ ತನ್ನ ಖರ್ಚು ತಾನೇ ದುಡೀತದೆ. ನಾವು ಆಡೋ ಬಿಗ್ ಟೆನ್ ಕೂಟದ ಟಿವಿ ಒಪ್ಪಂದವೇ ಏಳು ವರ್ಷಕ್ಕೆ 700 ಕೋಟಿ ಡಾಲರ್ ದಾಟಿದ್ದು, ಅದರಲ್ಲಿ ನಮಗೂ ಪಾಲು ಇದೆ. ದುಡ್ಡು ಯಾಕೆ ಕೊಡಬೇಕು ಅಂದರೆ, ಕೋಚ್‌ಗೆ ಐದಾರು ವರ್ಷದ ಕರಾರು ಇರುತ್ತೆ, ಮಧ್ಯದಲ್ಲಿ ಕಳಿಸಿದರೆ ಉಳಿದ ವರ್ಷಗಳ ಸಂಬಳದ ದೊಡ್ಡ ಪಾಲು ಕೊಟ್ಟೇ ಕಳಿಸಬೇಕು. ಇದನ್ನೇ ಬೈಔಟ್ ಅನ್ನೋದು. ಕರಾರು ಚಿಕ್ಕದು ಮಾಡಿದರೆ ಒಳ್ಳೆ ಕೋಚ್ ಬರಲ್ಲ, ಆಡೋ ಹುಡುಗರೂ "ಇವನು ನಾವು ಮುಗಿಸೋವರೆಗೆ ಇರ್ತಾನಾ?" ಅಂತ ಕೇಳ್ತಾರೆ.

ಜಯನಗರದಮ್ಮ · 2 ಡಿಸೆಂಬರ್

ನಮ್ಮ ಮನೆ ಕೆಲಸಕ್ಕೆ ಕಂಟ್ರ್ಯಾಕ್ಟರ್‌ನ ಹಿಡಿದಾಗ ಈ ಬುದ್ಧಿ ನನಗೆ ಬರಲಿಲ್ಲ. ಅವನಿಗೆ ಅಂತೂ ಬಂದಿತ್ತು.

ಹುಬ್ಬಳ್ಳಿ_ಬಾಯ್ಲರ್ · 2 ಡಿಸೆಂಬರ್

ಆತ್ರಿ, ಬ್ರಾಮ್ ಬ್ಯಾಡ. ಆರ್ಮಿ ತಂಡದ ಜೆಫ್ ಮಾಂಕನ್ ನೋಡ್ರಿ. 2014ರಿಂದ ಅಲ್ಲೇ ಅದಾನ. ಈ ವರ್ಷ 10 ಗೆದ್ದು ಒಂದ ಸೋತಾನ, ಅದೂ ನೋಟ್ರ್ ಡೇಮ್ ಕೈಯಾಗ. ಚೆಂಡು ಎಸೆಯೂದ ಇಲ್ಲ, ಓಡೂದ, ಓಡೂದ, ಓಡೂದ. ಎದುರಿನವ್ರಿಗೆ ಒಂದ ವಾರದಾಗ ಆ ಆಪ್ಷನ್ ಆಟಕ್ಕ (ಚೆಂಡ ಯಾರ ಕೈಗೆ ಅಂತ ಕೊನೇ ಗಳಿಗ್ಯಾಗ ನಿರ್ಧರಿಸೂದು) ತಯಾರಿ ಮಾಡ್ಕೊಳ್ಳಾಕ ಆಗೂದಿಲ್ಲ. ನಮ್ಮ ಕಡೆ ದೊಡ್ಡ ಆಳು ಇಲ್ಲಂದ ಮ್ಯಾಲೆ ಆಟನ ಬದ್ಲಿ ಮಾಡಬೇಕ ಇಲ್ಲೋ?

ಮಂಗಳೂರು_ಟೈಟ್‌ಎಂಡ್ · 2 ಡಿಸೆಂಬರ್

ಲೆನ್ ಡಾಸನ್, ಬಾಬ್ ಗ್ರೀಸಿ, ಡ್ರೂ ಬ್ರೀಸ್. ಮೂವರೂ ಸೂಪರ್ ಬೌಲ್ (ವೃತ್ತಿಪರ ಲೀಗಿನ ಫೈನಲ್) ಗೆದ್ದ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡು ಎಸೆಯುವ ಮುಖ್ಯ ಆಟಗಾರರು, ಮೂವರೂ ನಮ್ಮವರು. "ಕ್ವಾರ್ಟರ್‌ಬ್ಯಾಕ್‌ಗಳ ತೊಟ್ಟಿಲು" ಅಂತ ಹೆಸರಿಟ್ಟುಕೊಂಡ ಊರಲ್ಲಿ ಚೆಂಡು ಎಸೆಯದ ಆಟ? ನಮ್ಮ ರಾಸ್-ಏಡ್ ಸ್ಟೇಡಿಯಂಗೆ ಕಲ್ಲು ಬೀಳ್ತದೆ.

ಹಳೇ_ಹುಲಿ_98 · 3 ಡಿಸೆಂಬರ್

ಕಲ್ಲು ಆಮೇಲೆ ಹೊಡೀರಿ. ಹುಬ್ಬಳ್ಳಿಯವರು ಹೇಳಿದ ಹೆಸರು ತಪ್ಪಿರಬಹುದು, ಹೇಳಿದ ಮಾತು ಸರಿ ಇದೆ. ಸ್ವಲ್ಪ ಉದ್ದ ಬರೀತೀನಿ, ಟೀ ಮಾಡ್ಕೊಂಡು ಓದಿ.

ನಾನು ಅಲ್ಲಿಗೆ ಹೋದದ್ದು 1998ರಲ್ಲಿ. ಪರ್ಡ್ಯೂ 1984ರ ಸೀಸನ್‌ನಲ್ಲಿ ಬೌಲ್ ಪಂದ್ಯ (ಚೆನ್ನಾಗಿ ಆಡಿದ ತಂಡಗಳಿಗೆ ಸೀಸನ್ ಕೊನೆಗೆ ಸಿಗೋ ಪಂದ್ಯ) ಆಡಿತ್ತು, ಆಮೇಲೆ ಹನ್ನೆರಡು ವರ್ಷ ಬರಗಾಲ. 1996ರ ಕೊನೆಗೆ ವಯೋಮಿಂಗ್‌ನಿಂದ ಜೋ ಟಿಲ್ಲರ್ ಬಂದರು. ದಪ್ಪ ಮೀಸೆ, ಗೊಗ್ಗರು ದನಿ. ಬಿಗ್ ಟೆನ್ ಅಂದರೆ ಆಗ ಇಬ್ಬರು ದೈತ್ಯರು ಎದೆಗೆ ಎದೆ ಕೊಟ್ಟು ತಳ್ಳೋ ಆಟ. ಅಂಥಲ್ಲಿ ಈ ಮನುಷ್ಯ ಮೈದಾನದ ಉದ್ದಗಲಕ್ಕೂ ಹುಡುಗರನ್ನು ಹರಡಿ ಚೆಂಡು ಎಸೆಯೋಕೆ ಶುರು ಮಾಡಿದ. "ಹುಲ್ಲಿನ ಮೇಲಿನ ಬ್ಯಾಸ್ಕೆಟ್‌ಬಾಲ್" ಅಂತ ಜನ ಕರೆದರು. ಮೊದಲ ವರ್ಷವೇ 9–3 (ಗೆಲುವು–ಸೋಲು). ಹನ್ನೆರಡು ವರ್ಷದಲ್ಲಿ ಹತ್ತು ಬೌಲ್, 87 ಗೆಲುವು. ನಮ್ಮ ಕಾಲೇಜಿನ ಇತಿಹಾಸದಲ್ಲಿ ಅಷ್ಟು ಗೆದ್ದವರು ಇನ್ನೊಬ್ಬರಿಲ್ಲ.

28 ಅಕ್ಟೋಬರ್ 2000. ಒಹಾಯೋ ಸ್ಟೇಟ್ ಬಂದಿತ್ತು. ಬ್ರೀಸ್ ಅವತ್ತು ನಾಲ್ಕು ಸಲ ಚೆಂಡನ್ನು ಎದುರಾಳಿ ಕೈಗೆ ಹಾಕಿದ್ದ. ನಾಲ್ಕನೆಯದು ಬಿದ್ದಾಗ ನನ್ನ ಪಕ್ಕದ ಸೀಟಿನ ಅಜ್ಜ ಟೋಪಿ ತೆಗೆದು ಮುಖ ಮುಚ್ಚಿಕೊಂಡು ಕೂತ. ಎರಡು ನಿಮಿಷ ಬಾಕಿ ಇಲ್ಲ, ಹಿಂದೆ ಇದ್ದೇವೆ. ಬ್ರೀಸ್ ಸೆತ್ ಮೊರಾಲೆಸ್‌ಗೆ 64 ಗಜದ ಪಾಸ್ ಬಿಟ್ಟ. ಅವನ ಹತ್ತಿರ ಒಬ್ಬನೂ ಇರಲಿಲ್ಲ. ಚೆಂಡು ಗಾಳಿಯಲ್ಲಿದ್ದಾಗ ಸ್ಟೇಡಿಯಂ ಗಪ್‌ಚಿಪ್. 31–27. ಅಜ್ಜ ಇನ್ನೂ ಟೋಪಿ ಒಳಗೇ ಇದ್ದ, ನಾನೇ ಅಲುಗಾಡಿಸಿ ಹೇಳಿದೆ. ಆ ಗೆಲುವಿನಿಂದ ರೋಸ್ ಬೌಲ್‌ಗೆ ಹೋದೆವು.

ವಿಷಯಕ್ಕೆ ಬರ್ತೀನಿ. ದಸರಾ ಕುಸ್ತಿ ನೋಡಿದವರಿಗೆ ಗೊತ್ತು, ತನಗಿಂತ ಭಾರದವನ ಜತೆ ಸುಮ್ಮನೆ ತಳ್ಳಾಟಕ್ಕೆ ನಿಂತರೆ ಬೆನ್ನು ಮಣ್ಣಿಗೆ. ಅವನು ಅಭ್ಯಾಸ ಮಾಡದ ಪಟ್ಟು ಹಾಕಬೇಕು. ಟಿಲ್ಲರ್ ಹಾಕಿದ್ದು ಅದು. ಬ್ರಾಮ್ ಹಾಕಿದ್ದೂ ಅದೇ: 2018ರಲ್ಲಿ ಒಹಾಯೋ ಸ್ಟೇಟ್‌ಗೆ 49–20, 2021ರಲ್ಲಿ ಎರಡನೇ ರ‍್ಯಾಂಕಿನ ಅಯೋವಾಕ್ಕೆ 24–7, ಮೂರನೇ ರ‍್ಯಾಂಕಿನ ಮಿಷಿಗನ್ ಸ್ಟೇಟ್‌ಗೆ 40–29. ಮಧ್ಯೆ ಬಂದವರೆಲ್ಲ ದೊಡ್ಡವರ ಆಟವನ್ನೇ ಚಿಕ್ಕ ಆಳುಗಳಿಂದ ಆಡಿಸಲು ಹೋದರು. ಹಾಗಾಗಿ ಯಾರು ಬರಬೇಕು ಅನ್ನೋದಕ್ಕಿಂತ ಮೊದಲು, ಬರೋನ ಕೈಲಿ ಯಾವ ಪಟ್ಟು ಇದೆ ಅಂತ ಕೇಳಿ.

ಚೌನ್ಸಿ_ಕಾಫಿ · 3 ಡಿಸೆಂಬರ್

2018ರ ಆ ರಾತ್ರಿ ನಾನಿದ್ದೆ. ಗೆಲ್ತೀವಿ ಅಂತ ಮುಂಚೆಯೇ ಹೇಳಿದ್ದ ಹುಡುಗ ಟೈಲರ್ ಟ್ರೆಂಟ್, ಮೂಳೆ ಕ್ಯಾನ್ಸರ್, ಸ್ಟೇಡಿಯಂಗೆ ಬಂದು ಕೂತಿದ್ದ. ಜನವರಿ 1ಕ್ಕೆ ತೀರಿಕೊಂಡ. ಆ ಪಂದ್ಯದ ಬಗ್ಗೆ ಇನ್ನೇನೂ ಬರೆಯೋಕೆ ಆಗಲ್ಲ ನನಗೆ.

ಮಂಗಳೂರು_ಟೈಟ್‌ಎಂಡ್ · 3 ಡಿಸೆಂಬರ್

ಹುಲಿ ಸಾರ್, ಒಪ್ಪಿದೆ. ಆದರೆ ನನ್ನದು ಬೇರೆ ಲೆಕ್ಕ ಇತ್ತು. ಟಿಲ್ಲರ್, ಬ್ರಾಮ್ ಇಬ್ಬರೂ ಮೊದಲೇ ಇನ್ನೊಂದು ಕಡೆ ಹೆಡ್ ಕೋಚ್ ಆಗಿದ್ದವರು. ವಾಲ್ಟರ್ಸ್ ಆಗಿರಲಿಲ್ಲ. 36 ವರ್ಷದ ಹುಡುಗ, ಇಲಿನಾಯ್‌ನಲ್ಲಿ ಡಿಫೆನ್ಸ್ ನೋಡಿಕೊಳ್ತಿದ್ದ. 2022ರಲ್ಲಿ ದೇಶದಲ್ಲೇ ಅತಿ ಕಡಿಮೆ ಪಾಯಿಂಟ್ ಬಿಟ್ಟುಕೊಟ್ಟ ಡಿಫೆನ್ಸ್ ಅದು. ಆ ಒಂದು ವರ್ಷದ ಹೊಳಪು ನೋಡಿ ತಂದದ್ದು. ಅದೇ ಡಿಫೆನ್ಸ್ ಪಂಡಿತನ ತಂಡ ಈ ವರ್ಷ ಎರಡು ಸಲ 66 ಬಿಟ್ಟುಕೊಟ್ಟಿತು. ಅಡುಗೆ ಚೆನ್ನಾಗಿ ಮಾಡೋದು ಬೇರೆ, ಹೋಟೆಲ್ ನಡೆಸೋದು ಬೇರೆ. ಅದಕ್ಕೇ ನಾನು ಕ್ಯಾಂಡಲ್ ಅಂದದ್ದು.

ಹಳೇ_ಹುಲಿ_98 · 3 ಡಿಸೆಂಬರ್

ಡ್ಯಾರೆಲ್ ಹೇಜಲ್ ಮರೆತಿರಾ? ಕೆಂಟ್ ಸ್ಟೇಟ್‌ನಲ್ಲಿ ಹೆಡ್ ಕೋಚ್. 2012ರಲ್ಲಿ 11–3 ಮಾಡಿ ಬಂದವನು. ಇಲ್ಲಿ 9 ಗೆದ್ದು 33 ಸೋತ. ಹೋಟೆಲ್ ನಡೆಸಿದ ಅನುಭವ ಇತ್ತಲ್ಲ?

ಮಂಗಳೂರು_ಟೈಟ್‌ಎಂಡ್ · 3 ಡಿಸೆಂಬರ್

ಎರಡೇ ವರ್ಷ ಇದ್ದ ಅಲ್ಲಿ. ಅದು ಜಾತ್ರೆ ಅಂಗಡಿ, ಹೋಟೆಲ್ ಅಲ್ಲ. 🙂 ಆದರೆ ಸರಿ, ನನ್ನ ಲೆಕ್ಕದಲ್ಲಿ ತೂತು ಇದೆ, ಒಪ್ಪಿಕೊಂಡೆ.

ಪಿಎಚ್‌ಡಿ_ಐದನೇ_ವರ್ಷ · 4 ಡಿಸೆಂಬರ್

ಇಲ್ಲೇ ಕ್ಯಾಂಪಸ್‌ನಲ್ಲಿ ಇರೋನು ಒಂದು ಮಾತು ಹೇಳ್ತೀನಿ. ಸೆಪ್ಟೆಂಬರ್ 14ಕ್ಕೆ ನೋಟ್ರ್ ಡೇಮ್ ನಮ್ಮ ಮನೆಗೇ ಬಂದು 66–7 ಹೊಡೆದಾಗ ನಾನು ಸ್ಟೇಡಿಯಂನಲ್ಲಿದ್ದೆ. ಬೆಳಿಗ್ಗೆ ಚೌನ್ಸಿ ಬೀದಿಯಲ್ಲಿ ಬ್ರೇಕ್‌ಫಾಸ್ಟ್ ಕ್ಲಬ್‌ಗೆ (ಪಂದ್ಯದ ಬೆಳಿಗ್ಗೆ ವೇಷ ಹಾಕಿ ಬಾರ್‌ಗಳಲ್ಲಿ ಸೇರೋ ಇಲ್ಲಿನ ಪದ್ಧತಿ) ಬಾಳೆಹಣ್ಣು, ಡೈನೋಸಾರ್ ವೇಷ ಹಾಕ್ಕೊಂಡು ಬಂದ ಹುಡುಗರು ಅದೇ ವೇಷದಲ್ಲಿ, ಬಾಲ ಕೈಲಿ ಹಿಡ್ಕೊಂಡು, ಪಂದ್ಯ ಮುಗಿಯೋ ಮೊದಲೇ ಸಾಲಾಗಿ ಮೆಟ್ಟಿಲು ಇಳೀತಿದ್ದರು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಆದರೆ ಒಂದು ದಿನ ಆಸೆ ಹುಟ್ಟಿತ್ತು. ಅಕ್ಟೋಬರ್ 12, ಇಲಿನಾಯ್ ಮನೆಯಲ್ಲಿ. 27–3 ಹಿಂದೆ ಇದ್ದೆವು. ರಯಾನ್ ಬ್ರೌನ್ ಅನ್ನೋ ಹೊಸ ಕ್ವಾರ್ಟರ್‌ಬ್ಯಾಕ್, ಕಳಕೊಳ್ಳೋಕೆ ಏನೂ ಇಲ್ಲ ಅನ್ನೋ ಹಾಗೆ ಆಡಿದ. ಓವರ್‌ಟೈಮ್‌ವರೆಗೆ ಎಳೆದು, ಕೊನೆಗೆ ಒಂದು ಪಾಯಿಂಟ್‌ಗೆ ಸಮ ಮಾಡೋ ಬದಲು ಗೆಲ್ಲೋಕೇ ಎರಡು ಪಾಯಿಂಟ್‌ಗೆ ಹೋದರು. ಆಗಲಿಲ್ಲ. 50–49. ಸೋತರೂ ಅವತ್ತು ಹಾಸ್ಟೆಲ್‌ನಲ್ಲಿ ಯಾರೂ ಬೈಯಲಿಲ್ಲ. ಹುಲಿ ಸಾರ್ ಹೇಳೋ ಪಟ್ಟು ಅಂದರೆ ಅದೇ ಇರಬೇಕು.

ಇನ್ನೊಂದು: ಇವತ್ತು ಹೈಸ್ಕೂಲ್ ಹುಡುಗರು ಯಾವ ಕಾಲೇಜಿಗೆ ಆಡ್ತೀವಿ ಅಂತ ಸಹಿ ಹಾಕೋ ದಿನ. ನಮಗೆ ಕೋಚ್ ಇಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

ಬ್ಲೂಮಿಂಗ್ಟನ್_ಬಸ್ಯ · 4 ಡಿಸೆಂಬರ್

ಪಕ್ಕದ ಮನೆಯವನು ಬರಬಹುದಾ? ಉಪ್ಪು ಹಚ್ಚೋಕೆ ಬಂದಿಲ್ಲ, ಆಣೆ.

ನಾವು ಇಂಡಿಯಾನಾದವರು 2023ರಲ್ಲಿ 3–9. ದೊಡ್ಡ ಕಾಲೇಜುಗಳ ಪೈಕಿ ಇತಿಹಾಸದಲ್ಲೇ ಹೆಚ್ಚು ಸೋತ ತಂಡ ಅನ್ನೋ ಹಣೆಪಟ್ಟಿ ಆಗ ನಮ್ಮದಾಗಿತ್ತು. 30 ನವೆಂಬರ್ 2023ಕ್ಕೆ ಕರ್ಟ್ ಸಿಗ್ನೆಟ್ಟಿನ ತಂದರು. ಸರಿಯಾಗಿ ಒಂದು ವರ್ಷಕ್ಕೆ, ಅದೇ ತಾರೀಖು, ನಿಮಗೆ 66. ಈಗ 11–1. ಆಸಾಮಿ ಬಂದಾಗ 62 ವರ್ಷ, ಯಾವ ಪತ್ರಿಕೆಯ "ಭವಿಷ್ಯದ ಹೀರೊ" ಪಟ್ಟಿಯಲ್ಲೂ ಇರಲಿಲ್ಲ. ಹುಡುಗರನ್ನ ಹೇಗೆ ಒಪ್ಪಿಸ್ತೀಯ ಅಂತ ಕೇಳಿದ್ದಕ್ಕೆ, "ನಾನು ಗೆಲ್ತೀನಿ, ಗೂಗಲ್ ಮಾಡಿ ನೋಡಿ" ಅಂದ. ಜೇಮ್ಸ್ ಮ್ಯಾಡಿಸನ್‌ನಿಂದ ತನ್ನ 13 ಆಟಗಾರರನ್ನೂ ಜತೆಗೇ ಕರೆತಂದ. ಈಗಿನ ಗುಟ್ಟು ಅದೇ. ಪೋರ್ಟಲ್ ಇರೋದರಿಂದ ಕೋಚ್ ಒಬ್ಬನೇ ಬರಲ್ಲ, ಸಂಸಾರ ಸಮೇತ ಬರ್ತಾನೆ. ನೀವು ನೋಡಬೇಕಾದ್ದು ಅವನ ಹಿಂದೆ ಬರೋ ಲಾರೀಲಿ ಏನಿದೆ ಅಂತ.

ಹುಬ್ಬಳ್ಳಿ_ಬಾಯ್ಲರ್ · 4 ಡಿಸೆಂಬರ್

ಬಂದ ಮರುದಿನ ನಿಮ್ಮ ಬ್ಯಾಸ್ಕೆಟ್‌ಬಾಲ್ ಅಂಗಳದಾಗ ಮೈಕ್ ಹಿಡದ ನಮ್ಮನ್ನ ಬೈದಾನಲ್ಲ, ಅದನ್ನೂ ಬರೀಪಾ ಬಸ್ಯಾ.

ಬ್ಲೂಮಿಂಗ್ಟನ್_ಬಸ್ಯ · 4 ಡಿಸೆಂಬರ್

ಅದರ ಜತೆ ಮಿಷಿಗನ್, ಒಹಾಯೋ ಸ್ಟೇಟ್‌ಗೂ ಬೈದ್ರು. ಪಂಕ್ತಿಭೇದ ಇಲ್ಲ.

ಜಯನಗರದಮ್ಮ · 5 ಡಿಸೆಂಬರ್

ಪೋರ್ಟಲ್ ಅಂದರೆ ಏನು ಅಂತ ಮಗ ಹೇಳಿದ. ಈ ವರ್ಷ ಡಿಸೆಂಬರ್ 9ಕ್ಕೆ ತೆಗೆಯತ್ತಂತೆ, ಆಡೋ ಮಕ್ಕಳು ಹೆಸರು ಹಾಕಿ ಬೇರೆ ಕಾಲೇಜಿಗೆ ಹೋಗಬಹುದಂತೆ. ಅಲ್ಲಾ, ಈಗಿನ (2024ರ) ನಿಯಮದಲ್ಲಿ ಕೋಚ್ ಹೋದರೆ ಅವರ ತಂಡದ ಮಕ್ಕಳಿಗೆ ಬೇರೆಯಾಗಿ ಮೂವತ್ತು ದಿನ ಅವಕಾಶ ಬೇರೆ. ಇದು ಮದುವೆ ಸೀಸನ್ ಥರಾ ಇದೆ. ಗಂಡು ಹುಡುಕೋದೂ ಇವರೇ, ಅಷ್ಟರಲ್ಲಿ ಛತ್ರದಿಂದ ನೆಂಟರು ಎದ್ದು ಹೋಗದ ಹಾಗೆ ನೋಡ್ಕೊಳ್ಳೋದೂ ಇವರೇ.

ಚೌನ್ಸಿ_ಕಾಫಿ · 5 ಡಿಸೆಂಬರ್

ಅಮ್ಮಾ, ಇದಕ್ಕಿಂತ ಚೆನ್ನಾಗಿ ನಾನು ಯಾವ ಅಂಕಣದಲ್ಲೂ ಓದಿಲ್ಲ.

ಚೌನ್ಸಿ_ಕಾಫಿ · 8 ಡಿಸೆಂಬರ್, ಭಾನುವಾರ

ಗಂಡು ಗೊತ್ತಾಯ್ತು! ಬ್ಯಾರಿ ಓಡಮ್. ಲಾಸ್ ವೇಗಸ್‌ನ ಯುಎನ್‌ಎಲ್‌ವಿ ಕಾಲೇಜಿಂದ.

ಮಿಸ್ಸೂರಿಯಲ್ಲಿ ನಾಲ್ಕು ವರ್ಷ ಹೆಡ್ ಕೋಚ್: 25 ಗೆಲುವು, 25 ಸೋಲು. ಅಲ್ಲಿಂದ ಕಳಿಸಿದರು. ಅರ್ಕಾನ್ಸಾದಲ್ಲಿ ಮೂರು ವರ್ಷ ಡಿಫೆನ್ಸ್ ನೋಡಿಕೊಂಡ. ಆಮೇಲೆ ಯುಎನ್‌ಎಲ್‌ವಿಗೆ ಬಂದು ಎರಡು ವರ್ಷದಲ್ಲಿ 19–8. ಸೋತೇ ಅಭ್ಯಾಸವಾಗಿದ್ದ ಜಾಗ ಅದು. ಈ ಸೆಪ್ಟೆಂಬರ್‌ನಲ್ಲಿ ಅವನ ಮೊದಲ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ದುಡ್ಡಿನ ತಕರಾರಿನಲ್ಲಿ ಮೂರು ಪಂದ್ಯ ಗೆದ್ದ ಮೇಲೆ ಎದ್ದು ಹೋದ. ಎರಡನೆಯವನನ್ನ ಇಳಿಸಿ ಹತ್ತು ಗೆಲುವಿನ ತನಕ ತಂದ. ನನಗೆ ಖುಷಿ ಆಗಿದೆ, ಸುಳ್ಳು ಹೇಳಲ್ಲ. ಬೆಂಕಿ ಬಿದ್ದಾಗ ಓಡಿ ಹೋಗೋನಲ್ಲ.

ಮಂಗಳೂರು_ಟೈಟ್‌ಎಂಡ್ · 8 ಡಿಸೆಂಬರ್

ಎರಡನೇ ಸಂಬಂಧ. ತಪ್ಪಿಲ್ಲ. ಮೊದಲ ಸಂಸಾರದಲ್ಲಿ ಪಾತ್ರೆ ಎಲ್ಲಿ ಎಸೆದೆ ಅಂತ ಅವನಿಗೆ ಗೊತ್ತಿರ್ತದೆ. ಕ್ಯಾಂಡಲ್ ಅಲ್ಲದಿದ್ದರೂ ನನಗೆ ಸಮಾಧಾನ.

ಹಳೇ_ಹುಲಿ_98 · 8 ಡಿಸೆಂಬರ್

ಮನುಷ್ಯ ಒಳ್ಳೆಯವನೇ. ನನ್ನ ಪ್ರಶ್ನೆ ಒಂದೇ. ಯುಎನ್‌ಎಲ್‌ವಿ ಗೆದ್ದದ್ದು "ಗೋ-ಗೋ" ಅನ್ನೋ ಅಫೆನ್ಸ್‌ನಿಂದ. ಒಂದೇ ಆಟದಲ್ಲಿ ಹಳೇ ಆಪ್ಷನ್ನೂ ಇದೆ, ಓಟಾನೂ ಇದೆ, ಉದ್ದದ ಪಾಸೂ ಇದೆ. ಎದುರಾಳಿ ಕಣ್ಣು ಎಲ್ಲಿಡಬೇಕು ಅಂತಾನೇ ಗೊತ್ತಾಗಲ್ಲ. ಹುಬ್ಬಳ್ಳಿಯವರು ಕೇಳಿದ ಪಟ್ಟು ಇದೇ. ಆದರೆ ಅದನ್ನ ಕಟ್ಟಿದವನು ಓಡಮ್ ಅಲ್ಲ, ಅವನ ಅಫೆನ್ಸ್ ಕೋಆರ್ಡಿನೇಟರ್ ಬ್ರೆನನ್ ಮೇರಿಯನ್. ಓಡಮ್ ಡಿಫೆನ್ಸ್‌ನವನು. ಬಸ್ಯನ ಮಾತು ನೆನಪಿಸಿಕೊಳ್ಳಿ. ಆ ಲಾರೀಲಿ ಮೇರಿಯನ್ ಇದ್ದಾನಾ?

ಹುಬ್ಬಳ್ಳಿ_ಬಾಯ್ಲರ್ · 25 ಡಿಸೆಂಬರ್

ಇಲ್ಲರೀ ಹುಲಿ ಸಾಹೇಬ್ರ. ಮೇರಿಯನ್ ಸ್ಯಾಕ್ರಮೆಂಟೊ ಸ್ಟೇಟ್‌ಗೆ ತಾನ ಹೆಡ್ ಕೋಚ್ ಆಗಿ ಹೋದ. ನಮಗ ಅಫೆನ್ಸ್ ನೋಡ್ಕೊಳ್ಳಾಕ ಯುಎಸ್‌ಸಿ ಕಾಲೇಜಿನಿಂದ ಜಾಶ್ ಹೆನ್ಸನ್ ಬರಾಕತ್ತಾನ.

ಹಳೇ_ಹುಲಿ_98 · 25 ಡಿಸೆಂಬರ್

ಹ್ಮ್.

ಮಂಗಳೂರು_ಟೈಟ್‌ಎಂಡ್ · 26 ಡಿಸೆಂಬರ್

ಇಷ್ಟು ದಪ್ಪ "ಹ್ಮ್" ನಾನು ಓದಿದ್ದೇ ಇಲ್ಲ.

ಚೌನ್ಸಿ_ಕಾಫಿ · 29 ನವೆಂಬರ್ 2025

ಒಂದು ವರ್ಷದ ಮೇಲೆ ಈ ಚರ್ಚೆ ಎಬ್ಬಿಸ್ತಿದ್ದೀನಿ. ನಿನ್ನೆ ರಾತ್ರಿ ನಮ್ಮ ಮನೆಯಲ್ಲೇ ಇಂಡಿಯಾನಾ 56, ನಾವು 3. ಸೀಸನ್ 2–10. ಬಿಗ್ ಟೆನ್ ಒಳಗೆ ಒಂಬತ್ತಕ್ಕೆ ಒಂಬತ್ತೂ ಸೋಲು. ಬಸ್ಯನವರು 12–0.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತ ಗಾದೆ. ಓಡಮ್ ಪೋರ್ಟಲ್‌ನಿಂದ 50ಕ್ಕೂ ಹೆಚ್ಚು ಹುಡುಗರನ್ನ ತಂದ. ಒಬ್ಬರ ಹೆಸರು ಒಬ್ಬರಿಗೆ ಗೊತ್ತಾಗೋವಷ್ಟರಲ್ಲಿ ಅಕ್ಟೋಬರ್ ಬಂತು. ಆದರೂ ವಾಲ್ಟರ್ಸ್ ಕಾಲದ ಹಾಗಲ್ಲ ಅಂತ ನನ್ನ ಅನಿಸಿಕೆ. ಮಿಷಿಗನ್‌ಗೆ ಅವರ ಮನೆಯಲ್ಲಿ 21–16, ರಟ್ಗರ್ಸ್‌ಗೆ 27–24, ಮಿನೆಸೋಟಾಗೆ 27–20. ಎಲ್ಲ ಸೋಲೇ, ಆದರೆ ಪಂದ್ಯ ಅನ್ನಬಹುದಾದ ಸೋಲು.

ಮಂಗಳೂರು_ಟೈಟ್‌ಎಂಡ್ · 29 ನವೆಂಬರ್ 2025

ಕಡಿಮೆ ಅಂತರದ ಸೋಲಿಗೆ ಬೌಲ್ ಕೊಡುವುದಿಲ್ಲ ಮಾರಾಯ್ರೇ. ಆದರೆ ಈಗ ಕಳಿಸಿ ಅಂತ ಯಾರಾದರೂ ಬರೆದರೆ ನಾನು ಜಗಳಕ್ಕೆ ಬರ್ತೇನೆ. ಪ್ರತಿ ಎರಡು ವರ್ಷಕ್ಕೆ ಬೈಔಟ್ ಕೊಟ್ಟರೆ ಹುಡುಗರಿಗೆ ಕೊಡಲು ದುಡ್ಡೆಲ್ಲಿ? ಈ ವರ್ಷದಿಂದ ಕಾಲೇಜುಗಳೇ ಆಟಗಾರರಿಗೆ ನೇರ ಹಣ ಕೊಡಬಹುದು, ಎಲ್ಲ ಆಟ ಸೇರಿ ವರ್ಷಕ್ಕೆ 2 ಕೋಟಿ ಡಾಲರ್ ಮೇಲೆ. ಅದು ಖರ್ಚಾಗಬೇಕಾದ್ದು ಮುಂದಿನ ಸಾಲಲ್ಲಿ ನಿಂತು ತಳ್ಳುವ ಲೈನ್‌ಮನ್‌ಗಳ ಮೇಲೆ, ಹೋದ ಕೋಚ್‌ಗಳ ಮೇಲಲ್ಲ.

ಹಳೇ_ಹುಲಿ_98 · 29 ನವೆಂಬರ್ 2025

ನಾನೂ ಕಳಿಸಿ ಅನ್ನಲ್ಲ. ಅಫೆನ್ಸ್ ಬದಲಿಸಿ ಅಂತೀನಿ. ನಾರ್ತ್‌ವೆಸ್ಟರ್ನ್ ವಿರುದ್ಧ ಸೊನ್ನೆ, ನಿನ್ನೆ ಮೂರು. ತೊಟ್ಟಿಲು ಖಾಲಿ ತೂಗ್ತಾ ಇದೆ.

ಬ್ಲೂಮಿಂಗ್ಟನ್_ಬಸ್ಯ · 29 ನವೆಂಬರ್ 2025

ನಮ್ಮಿಬ್ಬರ ಪಂದ್ಯ ಗೆದ್ದವರಿಗೆ ಸಿಗೋ ಟ್ರೋಫಿ, ಆ ಬಕೆಟ್, ಮತ್ತೆ ನಮ್ಮಲ್ಲೇ ಇರತ್ತೆ. ನೀರು ಬೇಕಾದರೆ ಕೇಳಿ.

ಜಯನಗರದಮ್ಮ · 30 ನವೆಂಬರ್ 2025

ನಾನು ನಿನ್ನೆ ಮೊನ್ನೆ ಎಲ್ಲಾ ಇಲ್ಲೇ ಇದ್ದೀನಿ! ಮಗನ ಘಟಿಕೋತ್ಸವಕ್ಕೆ ಅಂತ ಬಂದವಳನ್ನ ಶುಕ್ರವಾರ ರಾತ್ರಿ ಸ್ಟೇಡಿಯಂಗೆ ಕರ್ಕೊಂಡು ಹೋದ. ಎರಡು ಸ್ವೆಟರ್, ಮೇಲೆ ಅವನ ಜಾಕೆಟ್, ತಲೆಗೆ ಮಫ್ಲರ್, ಆದರೂ ಹಲ್ಲು ಕಟಕಟ. ನಾಲ್ಕನೇ ಕ್ವಾರ್ಟರ್‌ಗೆ ನಮ್ಮ ಸಾಲಲ್ಲಿ ಉಳಿದದ್ದು ನಾವಿಬ್ಬರು ಮತ್ತೆ ಬಾಳೆಹಣ್ಣಿನ ವೇಷದ ಒಬ್ಬ ಹುಡುಗ. ಪಾಪ, ಅವನಿಗೂ ಒಂದು ಕೋಡುಬಳೆ ಕೊಟ್ಟೆ.

ಆ ಬಕೆಟ್ಟಿನ ಫೋಟೋ ಮಗ ಫೋನಿನಲ್ಲಿ ತೋರಿಸಿದ. ನಾನು ಏನೋ ಬೆಳ್ಳಿ ಕಪ್ ಅಂದ್ಕೊಂಡಿದ್ದೆ. ನಮ್ಮ ಅಜ್ಜಿ ಮನೆ ಬಾವಿಯಲ್ಲಿ ಹಗ್ಗ ಹರಿದು ಬೀಳ್ತಿತ್ತಲ್ಲ, ಅಂಥದೇ ಮರದ್ದು. ಸುತ್ತ ಸರಪಳಿ, ಗೆದ್ದವರ ಹೆಸರಿನ ಐ, ಪಿ ಅಕ್ಷರಗಳು ಅದಕ್ಕೆ. 1925ರ ಮೊದಲ ಪಂದ್ಯ 0–0 ಆಗಿತ್ತಂತೆ, ಹಾಗಾಗಿ ಮೊದಲ ಕೊಂಡಿಯಲ್ಲಿ ಎರಡೂ ಅಕ್ಷರ ಜತೆಗೆ.

ಅದಿರಲಿ, ಮುಂದಿನ ವರ್ಷ ಕ್ವಾರ್ಟರ್‌ಬ್ಯಾಕ್ ಯಾರು? ಮಗ ಸರಿಯಾಗಿ ಹೇಳ್ತಿಲ್ಲ.